ಕೆಮಿಸ್ಟ್ ರಾಯರು ಉಂಡ ತಾಟು

ನಮ್ಮೂರಲ್ಲಿ ಯಾರ ಮನೆಯವರಾದರೂ ಸತ್ತರೆ, ಅವರು ಎಲ್ಲೇ ಸತ್ತಿರಲಿ, ಆ ಮನೆಯ ಹೊಲದ ಸಕ್ಕರೆಗೆಡ್ಡೆ ಆ ವರ್ಷ ಸಪ್ಪೆ ಬರುತ್ತದೆ. ಇದನ್ನು ಹೊರಗಿನವರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ನನಗೆ ಗೊತ್ತಿಲ್ಲ. ನನ್ನ ಅತ್ತೆಗೂ ಗೊತ್ತಿರಲಿಲ್ಲ, ಅವಳ ಅತ್ತೆಗೂ ಗೊತ್ತಿರಲಿಲ್ಲ. ಮೂಲಂಗಿಯ ಬಣ್ಣ, ತೆಂಗಿನಕಾಯಿಯ ಗಾತ್ರ, ಪೇಟೆಯಲ್ಲಿ ಸಿಗುವ ಕೆಂಪು ಬೀಟ್‌ರೂಟಿಗೆ ಅಣ್ಣನೋ ತಮ್ಮನೋ ಆಗಬೇಕಾದ ಗೆಡ್ಡೆ ಅದು. ನಾವು ಬಿತ್ತುತ್ತೇವೆ, ಕಳೆ ತೆಗೆಯುತ್ತೇವೆ, ಚಳಿ ಮುಗಿಯುವ ಹೊತ್ತಿಗೆ ಕೀಳುತ್ತೇವೆ. ಸಿಹಿ ಬಂದರೆ ಎಲ್ಲರೂ ಇದ್ದಾರೆ. ಸಪ್ಪೆ ಬಂದರೆ ಒಬ್ಬರು ಇಲ್ಲ. ಅಷ್ಟೇ.

ಫ್ಯಾಕ್ಟರಿ ಬರುವ ಮೊದಲು ಇದು ಅವರವರ ಮನೆಯೊಳಗಿನ ಸಂಗತಿಯಾಗಿತ್ತು. ಕೀಳುವ ದಿನ ಬೆಳಿಗ್ಗೆ ಮನೆಯ ಹಿರಿ ಹೆಂಗಸು ಮೊದಲ ಗೆಡ್ಡೆ ಕಿತ್ತು, ಮಣ್ಣು ಒರೆಸಿ, ಬದುವಿನ ಮೇಲೆ ಕುಳಿತು ಕಡಿಯುತ್ತಿದ್ದಳು. ಉಳಿದವರು ಅವಳ ಮುಖ ನೋಡುತ್ತ ನಿಲ್ಲುತ್ತಿದ್ದರು. ಪಕ್ಕದ ಹೊಲದವರು ಆ ಹೊತ್ತಿನಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು, ಅದು ಮರ್ಯಾದೆ. ಸಿಹಿ ಇದ್ದರೆ ಆಕೆ ಒಂದೊಂದು ತುಂಡು ಮುರಿದು ಎಲ್ಲರಿಗೂ ಕೊಡುತ್ತಿದ್ದಳು. ಸಪ್ಪೆ ಇದ್ದರೆ ಉಗುಳುತ್ತಿರಲಿಲ್ಲ, ನುಂಗುತ್ತಿದ್ದಳು. ಆಮೇಲೆ ಹೋದವರ ಊಟದ ತಾಟನ್ನು ಹೊಲದ ಮೂಲೆಯಲ್ಲಿ ಬೋರಲು ಹಾಕಿ ಹುಗಿಯುವುದು. ಪತ್ರ ಬರಲಿ ಎಂದು ಯಾರೂ ಕಾಯುತ್ತಿರಲಿಲ್ಲ. ಯಾರು ಯಾವ ಹೊಲಕ್ಕೆ ಸೇರಿದವರು ಎಂಬುದರಲ್ಲೂ ಗೊಂದಲವಿರಲಿಲ್ಲ. ಮದುವೆಯಾಗಿ ಹೋದ ಹುಡುಗಿ ಮೊದಲ ಮಗು ಆಗುವ ತನಕ ತವರಿನ ಹೊಲದವಳು, ಆಮೇಲೆ ಗಂಡನ ಹೊಲದವಳು. ದುಡಿಯಲು ದೂರ ಹೋದವನು ಮನೆಯ ತಾಟಿನಲ್ಲಿ ಉಂಡು ಹೋಗಿದ್ದರೆ, ಎಷ್ಟು ವರ್ಷವಾದರೂ ಆ ಮನೆಯ ಹೊಲದವನೇ.

ಹೊಳೆಯ ದಂಡೆಯಲ್ಲಿ ಸಕ್ಕರೆ ಫ್ಯಾಕ್ಟರಿಯ ಚಿಮಣಿ ಎದ್ದ ವರ್ಷ ವೆಂಕೋಬರಾಯರು ಕೆಮಿಸ್ಟ್ ಆಗಿ ಬಂದರು. ನಲವತ್ತು ದಾಟಿದ ತೆಳ್ಳಗಿನ ಮನುಷ್ಯ. ಕರಿ ಕೋಟು, ಕಚ್ಚೆ ಪಂಚೆ, ಮಳೆ ಇಲ್ಲದಿದ್ದರೂ ಕೈಯಲ್ಲೊಂದು ಕೊಡೆ. ಗೆಡ್ಡೆಯ ರಸವನ್ನು ಗೇಣುದ್ದದ ಗಾಜಿನ ಕೊಳವೆಯಲ್ಲಿ ತುಂಬಿ, ಹಿತ್ತಾಳೆಯ ಯಂತ್ರದೊಳಗಿಟ್ಟು, ಹಿಂದೆ ದೀಪ ಹಚ್ಚಿ, ಮುಂದಿನಿಂದ ಒಂದು ಕಣ್ಣಲ್ಲಿ ನೋಡುವುದು ಅವರ ಕೆಲಸ. ಬೆಳಕು ಸಕ್ಕರೆಯೊಳಗಿಂದ ಹಾದು ಬಂದರೆ ಸ್ವಲ್ಪ ಹೊರಳುತ್ತದಂತೆ. ಎಷ್ಟು ಹೊರಳಿತೋ ಅಷ್ಟು ಸಕ್ಕರೆ. ನೂರು ತೂಕದ ಗೆಡ್ಡೆಯಲ್ಲಿ ಹತ್ತಕ್ಕಿಂತ ಕಡಿಮೆ ಸಕ್ಕರೆ ಇದ್ದರೆ ಫ್ಯಾಕ್ಟರಿಗೆ ಆ ಹೊಲದ ಬಂಡಿ ಬೇಡ. ಅದಕ್ಕೆ ನಿಯಮ ಮಾಡಿದರು: ಕೀಳುವ ಮೊದಲು ಪ್ರತಿ ಹೊಲದಿಂದ ಮೂರು ಗೆಡ್ಡೆ ರಾಯರ ಕೋಣೆಗೆ ಬರಬೇಕು, ಅಲ್ಲಿಯ ತನಕ ಯಾರೂ ಹೊಲ ಮುಟ್ಟಬಾರದು.

ಊರಿನವರು ಅವರಿಗೆ ಹೇಳಿದ್ದರು. ರಾಯರು ನಂಬಲಿಲ್ಲ. "ಮಣ್ಣಾಗ ಸುಣ್ಣ ಕಡಿಮಿ ಇದ್ರ ಸಕ್ಕರಿ ಕಡಿಮಿ ಆಗ್ತದ. ಮನ್ಯಾಗಿನ ಮಂದೀಗೂ ಗಡ್ಡೀಗೂ ಏನು ಸಂಬಂಧ?" ಎಂದು ನಕ್ಕಿದ್ದರು. ಮೊದಲ ಸುಗ್ಗಿಯಲ್ಲಿ ಫ್ಯಾಕ್ಟರಿ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿ, ಮನೆಯ ಹೆಸರು, ಅದರ ಮುಂದೆ ಅಂಕಿ ಬರೆಯತೊಡಗಿದರು. ಮೂರನೆಯ ದಿನ "ನಿಂಬೆವ್ವ, ಎರಡು" ಎಂದು ಬರೆದರು. ನಿಂಬೆವ್ವನಿಗೆ ಇದ್ದವಳು ಒಬ್ಬ ಮಗಳು, ನಾಲ್ಕು ವರ್ಷದ ಹಿಂದೆ ಯಾರ ಜೊತೆಗೋ ಓಡಿಹೋದವಳು. ನಿಂಬೆವ್ವ ಊರ ಮುಂದೆ ಅವಳಿಗೆ ಶಾಪ ಹಾಕುತ್ತಿದ್ದಳು, ಪ್ರತಿ ವರ್ಷ ಮೊದಲ ಗೆಡ್ಡೆ ಸಿಹಿ ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅವತ್ತು ಓದು ಬಾರದ ಆಕೆಗೆ ಬಂಡಿಯವನೊಬ್ಬ ಹಲಗೆ ಓದಿ ಹೇಳಿದ. ಆಕೆ ಫ್ಯಾಕ್ಟರಿಯ ಬಾಗಿಲಲ್ಲೇ ಕುಸಿದಳು. ಕೂಗು ಕೇಳಿ ರಾಯರು ಹೊರಗೆ ಓಡಿ ಬಂದರು.

"ಏನಾತು? ನಾ ಏನು ಬರದೆ?"

"ಆಕಿ ಮಗಳ ಸಾವು ಬರದೀರಿ, ರಾಯರ," ಎಂದ ಬಂಡಿಯವನು.

ರಾಯರು ತಮ್ಮ ಕೋಟಿನ ತೋಳಿನಿಂದಲೇ ಹಲಗೆ ಒರೆಸಿದರು. ಹೊಳೆಯಾಚೆಯಿಂದ ಮಗಳ ಸುದ್ದಿ ಬಂದದ್ದು ಒಂದೂವರೆ ತಿಂಗಳಾದ ಮೇಲೆ. ಹಲಗೆ ಮತ್ತೆ ಬಾಗಿಲಿಗೆ ಬರಲಿಲ್ಲ. ಅಂದಿನಿಂದ ಯಾರ ಅಂಕಿ ಕೆಳಗೆ ಬಂದರೂ ರಾಯರು ಮೂರು ಸಲ ನೋಡಿ, ಮೂರು ಸಲವೂ ಅದೇ ಬಂದರೆ ಕೊಡೆ ಹಿಡಿದು ನಡೆದುಕೊಂಡು ಆ ಮನೆಗೆ ಹೋಗುತ್ತಿದ್ದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕುಳಿತು, ಒಂದು ಚೊಂಬು ನೀರು ಕೇಳಿ ಕುಡಿದು, "ಸಪ್ಪಗ ಬಂದದವಾ" ಎನ್ನುತ್ತಿದ್ದರು. ಅಂಕಿ ಹೇಳುತ್ತಿರಲಿಲ್ಲ. ಅಳು ಒಂದು ಹದಕ್ಕೆ ಬರುವ ತನಕ ಅಲ್ಲೇ ಕೂತಿದ್ದು ಎದ್ದು ಬರುತ್ತಿದ್ದರು.

ವರ್ಷಗಳು ಕಳೆದಂತೆ ಊರಿನವರು ಗೆಡ್ಡೆ ಕಡಿಯುವುದನ್ನೇ ಬಿಟ್ಟರು. ಸುಮ್ಮನೆ ಅಲ್ಲ, ಅದು ಕಷ್ಟದ ಕೆಲಸ. ಹಡೆದವಳೇ ತನ್ನ ಬಾಯಿಂದ ಯಾಕೆ ಕಡಿಯಬೇಕು, ರಾಯರು ನೋಡಿ ಹೇಳುತ್ತಾರಲ್ಲ ಎಂದಾಯಿತು. ನಮ್ಮ ಭಾರವನ್ನೆಲ್ಲ ಆ ಒಬ್ಬ ಮನುಷ್ಯನ ತಲೆಗೆ ಕಟ್ಟಿ ನಾವು ಹಗುರಾದೆವು. ಅದಕ್ಕೆ ಪ್ರತಿಯಾಗಿ ಅವರಿಗೆ ಕೊಟ್ಟದ್ದಾದರೂ ಏನು? ಅವರು ಬೀದಿಗೆ ಬಂದರೆ ಹೆಂಗಸರು ಬಾಗಿಲಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದರು, ಅವರು ನಮ್ಮ ಮನೆ ದಾಟಿ ಹೋದರೆ ಸಾಕು ಎಂದು. ಬದನೆಕಾಯಿ ಕೊಳ್ಳಲು ಹೊರಟ ಮನುಷ್ಯನನ್ನು ಕಂಡು ಊರು ಹಾಗೆ ನಡುಗಿದರೆ ಅವನು ಎಷ್ಟು ದಿನ ತಾನೇ ಕೊಳ್ಳಲು ಹೋದಾನು? ರಾಯರು ಸಂತೆಗೆ ನನ್ನನ್ನು ಕಳಿಸತೊಡಗಿದರು. ಹನ್ನೊಂದು ಸುಗ್ಗಿಗಳಲ್ಲಿ ಅವರಿಗೆ ಒಂದು ತುತ್ತು ಉಣ್ಣಲಿಕ್ಕೆ ಕರೆದ ಮನೆ ನಮ್ಮೂರಲ್ಲಿ ಒಂದೂ ಇರಲಿಲ್ಲ. ಹೇಳಲಿಕ್ಕೆ ನನಗೆ ನಾಚಿಕೆಯಾಗುತ್ತದೆ, ಆ ಮನೆಗಳಲ್ಲಿ ನಮ್ಮದೂ ಒಂದು.

ನಾನು ಅವರ ಕೋಣೆಯಲ್ಲಿ ಕೆಲಸಕ್ಕಿದ್ದೆ. ನನ್ನ ಹೆಸರು ಬಾಳವ್ವ. ಗೆಡ್ಡೆ ತೊಳೆಯುವುದು, ತುರಿಯುವುದು, ಬಟ್ಟೆಯಲ್ಲಿ ಹಿಂಡುವುದು, ರಸಕ್ಕೆ ಸೀಸದ ನೀರು ಬೆರೆಸಿ ತಿಳಿ ಮಾಡಿ ಕಾಗದದಲ್ಲಿ ಸೋಸುವುದು ನನ್ನ ಪಾಲು. ಕೊಳವೆ ಅವರದು. ಒಂದೊಂದು ಮನೆಗೆ ಒಂದೊಂದು ಕಟ್ಟಿಗೆಯ ಬಿಲ್ಲೆ ಇತ್ತು, ಓದು ಬಾರದವರಿಗೂ ಗುರುತು ಸಿಗಲಿ ಎಂದು. ನಮ್ಮ ಬಿಲ್ಲೆಗೆ ಅರ್ಧಚಂದ್ರ, ನೆರೆಮನೆಯ ಕಲ್ಲವ್ವನ ಬಿಲ್ಲೆಗೆ ಎರಡು ತೂತು. ಬಟ್ಟಲು ಎಲ್ಲಿಗೆ ಹೋದರೂ ಬಿಲ್ಲೆ ಅದರ ಜೊತೆಗೇ ಹೋಗಬೇಕು. ಇನ್ನೊಂದು ನಿಯಮವನ್ನು ರಾಯರು ಮೊದಲ ದಿನವೇ ಹೇಳಿದ್ದರು: "ಇಲ್ಲಿ ನಾಲಗಿಗೆ ಕೆಲಸಿಲ್ಲ, ಬಾಳವ್ವ. ಯಾರ ಮನಿದು ಏನು ಅಂತ ಅವರಿಗಿಂತ ಮೊದಲ ನಿನಗ ತಿಳೀಬಾರದು." ತುರಿಯುವಾಗ ರಸ ಮುಖಕ್ಕೆ ಸಿಡಿಯುವುದು ಇದ್ದದ್ದೇ. ಅದಕ್ಕೆ ನಾನು ಯಾವಾಗಲೂ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದೆ. ಲವಂಗದ ಖಾರದ ಮುಂದೆ ಬೇರೆ ರುಚಿ ನಿಲ್ಲುವುದಿಲ್ಲ. ಆ ಕೋಣೆ ಪೂರ್ತಿ ಲವಂಗದ ವಾಸನೆ.

ರಾಯರಿಗೆ ಸಂತೋಷ ಕೊಡುತ್ತಿದ್ದ ಕೆಲಸ ಒಂದೇ, ತಾಯಿಗೆಡ್ಡೆ ಆರಿಸುವುದು. ಒಳ್ಳೆಯ ಗೆಡ್ಡೆಯ ಹೊಟ್ಟೆಗೆ ಸಣ್ಣ ಕೊರೆಯುಳಿ ಹಾಕಿ ಬೆರಳಷ್ಟು ತಿರುಳು ತೆಗೆದು ನೋಡುತ್ತಿದ್ದರು. ಬಹಳ ಸಿಹಿ ಇದ್ದದ್ದನ್ನು ಉಸುಕಿನಲ್ಲಿ ಹುಗಿದಿಟ್ಟು, ಮುಂದಿನ ವರ್ಷ ನೆಟ್ಟು, ಅದರ ಬೀಜವನ್ನೇ ಊರಿಗೆ ಹಂಚುತ್ತಿದ್ದರು. ಅವರು ಬಂದಾಗ ಹತ್ತು ದಾಟಲು ಏದುಸಿರು ಬಿಡುತ್ತಿದ್ದ ನಮ್ಮ ಗೆಡ್ಡೆ ಹನ್ನೊಂದು ವರ್ಷದಲ್ಲಿ ಹದಿನೈದಕ್ಕೆ ಬಂತು. ಒಂದು ಮಧ್ಯಾಹ್ನ ಉಸುಕು ಕೆದರುತ್ತ ಕೂತಿದ್ದಾಗ ನಾನು ಕೇಳಿದೆ.

"ನಿಮ್ಮವರಂತ ಯಾರೂ ಇಲ್ಲೇನ್ರಿ, ರಾಯರ?"

"ಇದ್ರು. ಈಗ ಯಾರೂ ಇಲ್ಲ. ನನ್ನ ಹೆಸರು ಯಾವ ಹೊಲದಾಗೂ ಇಲ್ಲವಾ. ನಾ ಸತ್ರ ಒಂದ ಗಡ್ಡೀಗೂ ಗೊತ್ತಾಗೂದಿಲ್ಲ."

ಹಾಗೆಂದು ಕೈಗೆ ಹತ್ತಿದ ಉಸುಕು ಜಾಡಿಸಿಕೊಂಡು ದೀಪದ ಬತ್ತಿ ಸರಿಮಾಡಲು ಎದ್ದರು.

ಇನ್ನು ನಮ್ಮ ಮನೆಯ ಮಾತು. ನನ್ನ ಗಂಡ ಫಕೀರಪ್ಪ ಹಡಗಿನ ಕೆಲಸ ಹುಡುಕಿಕೊಂಡು ಬಂದರಿಗೆ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ನಾನು, ಆರು ವರ್ಷದ ಮಗಳು ಚಂದ್ರವ್ವ, ಅತ್ತೆ ಗುರುಶಾಂತವ್ವ. ಅತ್ತೆಗೆ ಎಪ್ಪತ್ತು. ನಾಲ್ಕು ಹೆಜ್ಜೆ ಹಾಕಿದರೆ ಎದೆ ಹಿಡಿದುಕೊಂಡು ಕೂರುತ್ತಿದ್ದಳು. "ನನ್ನ ಮಗ ಬಂದು ಬಾಯಾಗ ನೀರು ಬಿಡೂತನಕಾ ನಾ ಹೋಗಾಕಿ ಅಲ್ಲ" ಎನ್ನುವುದು ಅವಳ ದಿನದ ಮಾತು. ಅವನ ಕಂಚಿನ ತಾಟನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಗೋಡೆಯ ಗೂಡಿನಲ್ಲಿ ನಿಲ್ಲಿಸುತ್ತಿದ್ದಳು.

ಆ ಸುಗ್ಗಿಯಲ್ಲಿ ನಮ್ಮ ಹೊಲದ ಮೂರು ಗೆಡ್ಡೆ ಬಂದ ದಿನ ನಾನು ಲವಂಗ ಉಗುಳಿದೆ. ಹಿಂದಿನ ವರ್ಷ ಹಾಗೆ ಮಾಡಿರಲಿಲ್ಲ. ಈ ವರ್ಷ ಐದು ತಿಂಗಳಿಂದ ಅವನ ಸುದ್ದಿ ಇರಲಿಲ್ಲ, ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ರಾಯರು ಹೊರಗೆ ಬಂಡಿಯವರ ಜೊತೆ ಮಾತಾಡುತ್ತಿದ್ದರು. ತುರಿಮಣೆಯ ಮೇಲಿನ ತುರಿಯನ್ನು ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದೆ. ಸಪ್ಪೆ. ಇನ್ನೊಮ್ಮೆ ನೆಕ್ಕಿದೆ. ಮಣ್ಣಿನ ವಾಸನೆ, ನೀರು, ಇನ್ನೇನೂ ಇಲ್ಲ. ಚಂದ್ರವ್ವ ಬೆಳಿಗ್ಗೆ ನನ್ನ ಕೈಯಿಂದ ರೊಟ್ಟಿ ತಿಂದು ಆಡಲು ಹೋಗಿದ್ದಳು, ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದಳು. ಉಳಿದವನು ಒಬ್ಬನೇ.

ಬದಿಗೆ ಕಲ್ಲವ್ವನ ಮನೆಯ ರಸದ ಬಟ್ಟಲಿತ್ತು, ಎರಡು ತೂತಿನ ಬಿಲ್ಲೆ ಅದಕ್ಕೆ ಆನಿಸಿ ಇಟ್ಟಿತ್ತು. ನಾನು ಬಿಲ್ಲೆಗಳನ್ನು ಅದಲುಬದಲು ಮಾಡಿದೆ. ಅತ್ತೆಯ ಎದೆ ಒಡೆಯುತ್ತದೆಂದು ಮಾಡಿದೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಕೊಳವೆ ಹೇಳದಿದ್ದರೆ ಅವನು ಸತ್ತಿಲ್ಲ ಎಂದು ಆ ಹೊತ್ತಿಗೆ ನನಗೆ ಅನಿಸಿತ್ತು. ಕಲ್ಲವ್ವನ ಒಬ್ಬಳೇ ಮಗಳು ಗೌರಾ ಎರಡು ದಿನದ ದಾರಿಯ ಊರಿಗೆ ಮದುವೆಯಾಗಿ ಹೋಗಿದ್ದಳು, ಇನ್ನೂ ಮಗು ಆಗಿರಲಿಲ್ಲ, ತವರಿನ ಹೊಲಕ್ಕೇ ಸೇರಿದವಳು. ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ರಾಯರು ಕೊಳವೆ ತುಂಬಿ ನೋಡಿದರು. ತೊಳೆದು ಮತ್ತೆ ತುಂಬಿದರು. ಮೂರನೆಯ ಸಲ ನೋಡಿ ದೀಪ ಆರಿಸಿದರು. ಕೊಡೆ ತೆಗೆದುಕೊಳ್ಳುವಾಗ ನನ್ನ ಕಡೆ ತಿರುಗಿ, "ನಿಮ್ದು ಹದಿನೈದು ಬಂದದ, ಬಾಳವ್ವ. ಫಕೀರಪ್ಪ ಛಲೋ ಇದ್ದಾನ" ಎಂದರು.

"ಹೌದ್ರಿ," ಎಂದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಜೋಳದ ಮೊರದ ಮೇಲೆ ಆಡುತ್ತಿದ್ದ ಅವಳ ಕೈ ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಹದಿನೈದ?"

"ಹೂಂ ಅತ್ತಿ, ಹದಿನೈದು. ಕಲ್ಲವ್ವಂದು ಸಪ್ಪಗ ಬಂತಂತ."

"ಛಲೋ ಆತು ಬಿಡವಾ," ಎಂದಳು. ಮೊರ ಬದಿಗಿಟ್ಟು, ಗೋಡೆ ಹಿಡಿದು ಎದ್ದು, ಕಲ್ಲವ್ವನ ಮನೆಗೆ ಹೋಗಿಬರುತ್ತೇನೆಂದು ಹೊರಟಳು.

ಗೆಡ್ಡೆ ಹೇಳಿದ ಮೇಲೆ ವಿಚಾರಿಸಿ ಬರಲು ಆಳು ಕಳಿಸುವ ರೂಢಿ ನಮ್ಮಲ್ಲಿಲ್ಲ. ಕಲ್ಲವ್ವ ಗೌರಾಳ ತಾಟು ಹುಗಿದಳು. ಬೆಳೆದು ನಿಂತ ಹೊಲಕ್ಕೆ ದನ ಬಿಟ್ಟಳು. ಸಪ್ಪೆ ಎಂದಾದ ಮೇಲೆ ಆ ಹೊಲದ ಗೆಡ್ಡೆಯನ್ನು ಯಾರೂ ಬಾಯಿಗೆ ಹಾಕುವುದಿಲ್ಲ, ಹಾಗಾಗಿ ದನಗಳು ಮೆಲ್ಲುತ್ತಿರುವುದು ಸಕ್ಕರೆಯನ್ನು ಎಂದು ಯಾರಿಗೂ ತಿಳಿಯಲಿಲ್ಲ. ಕಲ್ಲವ್ವ ಊಟ ಬಿಟ್ಟಳು. ಗಂಡ ಸತ್ತಾಗ ಮಗಳ ಸಲುವಾಗಿ ಬದುಕಿದವಳು ಅವಳು, ಇನ್ನು ಯಾರ ಸಲುವಾಗಿ ಎಂದು ಮಲಗಿಬಿಟ್ಟಳು. ನೀರು ಮಾತ್ರ ಕುಡಿಯುತ್ತಿದ್ದಳು. ನನ್ನ ಅತ್ತೆ ದಿನಾ ಬೆಳಿಗ್ಗೆ ಕೋಲೂರಿಕೊಂಡು ಅಲ್ಲಿಗೆ ಹೋಗಿ, ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಹೊತ್ತು ಇಳಿಯುವ ತನಕ ಅಳುತ್ತ ಕೂತಿರುತ್ತಿದ್ದಳು. ಗುರುಶಾಂತವ್ವನ ಕರುಳು ದೊಡ್ಡದು ಎಂದು ಓಣಿಯವರು ಹೊಗಳಿದರು.

ಐದನೆಯ ದಿನ ನಾನೂ ಹೋದೆ. ಹೋಗದಿದ್ದರೆ ಚೆನ್ನಾಗಿ ಕಾಣಿಸುವುದಿಲ್ಲ ಎಂದು ಹೋದೆ. ಕಲ್ಲವ್ವನ ಕೆನ್ನೆ ಒಳಗೆ ಸೇರಿತ್ತು. ನನ್ನ ಕೈ ಹಿಡಿದುಕೊಂಡು, "ನಿಂದು ಸಿಹಿ ಬಂತಂತಲ್ಲ. ಪುಣ್ಯಾ ಮಾಡಿದಿ, ಬಾಳವ್ವ" ಎಂದಳು. ಆಗಲೇ ಹೇಳಬೇಕಾಗಿತ್ತು. ನಾಲಗೆ ಏಳಲಿಲ್ಲ. ಈ ಹೆಂಗಸು ನನ್ನ ಕಣ್ಣ ಮುಂದೆ ಸಾಯುತ್ತಾಳೆ, ನಾನೇ ಕೊಂದ ಹಾಗೆ ಎಂದು ಗೊತ್ತಾಯಿತು. ಗೊತ್ತಾದರೂ ಎದ್ದು ಮನೆಗೆ ಬಂದು ಒಲೆ ಹೊತ್ತಿಸಿದೆ. ನನ್ನ ಮೇಲೆ ನನಗೆ ಹೇಸಿಗೆ ಬಂತು, ಆದರೂ ಬಾಯಿ ಬಿಡಲಿಲ್ಲ.

ನಮ್ಮ ಹೊಲದ ಗೆಡ್ಡೆ ಆರನೆಯ ದಿನದಿಂದ ಬಂಡಿ ತುಂಬಿ ಫ್ಯಾಕ್ಟರಿಗೆ ಹೋಗತೊಡಗಿತು. ಎಂಟನೆಯ ದಿನ ರಾಯರು ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದವರು ಕಾಲಿಗೆಲ್ಲ ಮಣ್ಣು ಮಾಡಿಕೊಂಡು ಕೋಣೆಗೆ ಬಂದರು. ಕೈಯಲ್ಲಿ ಒಂದು ಗೆಡ್ಡೆ ಇತ್ತು. ತಾವೇ ತುರಿದರು, ತಾವೇ ಹಿಂಡಿದರು. ನನ್ನನ್ನು ಕರೆಯಲಿಲ್ಲ. ಕೊಳವೆ ನೋಡಿ ಮುಗಿದ ಮೇಲೆ ಕರೆದರು.

"ಕೂಡು, ಬಾಳವ್ವ. ನಿನ್ನೆ ಫ್ಯಾಕ್ಟರಿ ಹಂಡೇದ ರಸದಾಗಿನ ಸಕ್ಕರಿ ಒಮ್ಮೆಲೆ ತಳಾ ಕಂಡ್ತು. ನಿಮ್ಮ ಬಂಡಿ ಹಾಕಿದ ಹೊತ್ತಿನ್ಯಾಗ. ಇದು ನಿಮ್ಮ ಹೊಲದ ಗಡ್ಡಿ. ನಾನ ಕಿತ್ಕೊಂಡು ಬಂದೀನಿ."

ನಾನು ತುರಿಮಣೆಯ ಪಕ್ಕ ಕೂತೆ.

"ಆ ದಿವಸ ನಾ ಕೋಣಿಗೆ ಬಂದಾಗ ಏನೋ ಬ್ಯಾರೆ ಅನಿಸ್ತು. ಏನಂತ ತಿಳೀಲಿಲ್ಲ. ಇವತ್ತ ತಿಳೀತು. ಲವಂಗದ ವಾಸನಿ ಇರಲಿಲ್ಲ."

ಅತ್ತರೆ ಎಲ್ಲ ಒಪ್ಪಿಕೊಂಡಂತಾಗುತ್ತದೆಂದು ಎಂಟು ದಿನ ತಡೆದಿದ್ದೆ. ಈಗ ತಡೆಯಲಾಗಲಿಲ್ಲ. ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎಲ್ಲರ ಮನೆಯಲ್ಲೂ ಮಾಡುತ್ತಿದ್ದ ಹಾಗೆ ನನ್ನ ಅಳು ಹದಕ್ಕೆ ಬರುವ ತನಕ ಕೂತಿದ್ದರು.

"ಎರಡು ಮನಿಗೆ ಹೋಗೂದದ," ಎಂದರು. "ಮೊದಲ ನಿಮ್ಮ ಮನಿ. ಓಣ್ಯಾಗ ಸುದ್ದಿ ಆಗಿ ಆ ಮುದುಕಿ ಕಿವಿಗೆ ಬೀಳಬಾರದು."

"ನಿಮ್ಮ ಕಾಲಿಗೆ ಬೀಳ್ತೀನ್ರಿ. ಅತ್ತೀಗೆ ಹೇಳಬ್ಯಾಡ್ರಿ. ಕೇಳಿದ್ರ ಆಕಿ ಜೀವಾನ ಬಿಡ್ತಾಳ. ಕಲ್ಲವ್ವಗ ನಿಮ್ಮ ಕೊಳವಿ ಒಮ್ಮೆ ತಪ್ಪಿ ಹೇಳ್ತು ಅಂತ ಹೇಳಿಬಿಡ್ರಿ. ಮುಗದು ಹೋಗ್ತೈತಿ."

ರಾಯರು ಎದ್ದರು. ಕೊಳವೆಯನ್ನು ಅರಿವೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

"ನನಗ ಅದೇನೂ ಕಷ್ಟ ಅಲ್ಲ. ತಪ್ಪು ನಂದು ಅನ್ನಲಿಕ್ಕೆ ಎಷ್ಟೊತ್ತು? ಆದ್ರ ಕೊಳವಿ ಒಮ್ಮೆ ತಪ್ಪೇದ ಅಂದ್ರ, ಹನ್ನೊಂದು ವರ್ಷ ನಾ ಹೇಳಿದ್ದೆಲ್ಲಾ ತಪ್ಪಿರಬಹುದು ಅಂತ ಎಷ್ಟು ಮಂದಿ ಬಾಗಲಾ ನೋಡ್ಕೋತ ಕೂಡ್ತಾರ, ಹೇಳು. ಹುಗದ ತಾಟು ತಗೀತಾರ. ನಿಂಬೆವ್ವ ದಿನಾ ಹೊಳಿ ದಂಡಿಗೆ ಹೋಗಿ ಮಗಳ ಹಾದಿ ಕಾಯ್ತಾಳ. ಅದು ಆಗಬಾರದು."

ನಾನು ಕಣ್ಣೊರೆಸಿಕೊಂಡು ಎದ್ದು ಅವರ ಹಿಂದೆ ನಡೆದೆ.

ನಾವು ಹೋದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು, ಆಗತಾನೇ ಕಲ್ಲವ್ವನ ಮನೆಯಿಂದ ಬಂದಿದ್ದಳು. ಕೊಡೆ ಹಿಡಿದು ಬರುವ ರಾಯರನ್ನು ದೂರದಿಂದಲೇ ಕಂಡಳು. ಅವರು ಚಪ್ಪಲಿ ಬಿಟ್ಟು ಕುಳಿತು ನೀರು ಕೇಳುವ ಮೊದಲೇ ಮಾತಾಡಿದಳು.

"ನೀವು ಹೇಳೂದು ಬ್ಯಾಡ್ರಿ, ರಾಯರ. ನಂಗ ಗೊತ್ತೈತಿ. ನಿಮ್ಮ ಮಂದಿ ಬಂದು ಮೂರು ಗಡ್ಡಿ ಒಯ್ಯೂದಕ್ಕಿಂತ ಮೊದಲ ನಾನ ಹೊಲಕ್ಕ ಹೋಗಿ ಒಂದು ಕಿತ್ತು ಕಡದಿದ್ದೆ. ಎದಿ ಹಿಡಕೊಂಡು ಹೋಗಿದ್ದೆ. ಹೆತ್ತಾಕಿ ನಾ, ಬ್ಯಾರೆಯವರ ಬಾಯಿಂದ ಯಾಕ ಕೇಳ್ಬೇಕು ಅನಿಸ್ತು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. "ಮತ್ತ ನನಗ ಯಾಕ ಹೇಳಲಿಲ್ಲ, ಅತ್ತಿ?"

"ಯಾಕ ಹೇಳ್ಲಿ? ನಿನಗ ಇಪ್ಪತ್ತಾರು ವಯಸ್ಸು. ರಾಯರು ಬಂದು ಹೇಳೂತನಕಾ ಇನ್ನೆರಡು ದಿವಸ ಮುತ್ತೈದಿ ಆಗಿ ಇರ್ಲಿ ಅಂದೆ. ಆಮ್ಯಾಲ ನೀ ಬಂದು ಹದಿನೈದು ಅಂದಿ. ನಿನ್ನ ಮಾರಿ ನೋಡಿ ನೀ ಏನು ಮಾಡಿ ಬಂದೀ ಅಂತ ತಿಳೀತು. ನನಗ ತಡಕೊಳ್ಳಾಕ ಆಗ್ಲಿಲ್ಲ. ಮನ್ಯಾಗ ಅತ್ರ ನಿನಗ ತಿಳೀತೈತಿ. ಅದಕ್ಕ ಕಲ್ಲವ್ವನ ಮನಿಗೆ ಹೋಗಿ ನನ್ನ ಮಗನ ಸಲುವಾಗಿ ಅತ್ತು ಬರ್ತಿದ್ದೆ." ಅವಳು ರಾಯರ ಕಡೆ ತಿರುಗಿದಳು. "ಆಕಿ ಉಪಾಸ ಬಿದ್ದು ಸಾಯಾಕತ್ಯಾಳ, ರಾಯರ. ದಿನಾ ಹೇಳಬೇಕಂತ ಹೋಗ್ತಿದ್ದೆ. ದಿನಾ ಅತ್ತು ಬರ್ತಿದ್ದೆ. ಈಕಿಗಿಂತ ನನ್ನ ಪಾಪ ದೊಡ್ಡದು."

ರಾಯರು ಕೊಡೆಯನ್ನು ಗೋಡೆಗೆ ಆನಿಸಿ ಇಟ್ಟರು. ಆಮೇಲೆ ಎಂದಿನಂತೆ ಒಂದು ಚೊಂಬು ನೀರು ಕೇಳಿದರು. ಅತ್ತೆ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ನೀರಿನ ಜೊತೆ ಫಕೀರಪ್ಪನ ಕಂಚಿನ ತಾಟಿತ್ತು, ಅದರಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ.

"ಉಣ್ರಿ," ಎಂದಳು. "ಕಲ್ಲವ್ವನ ಮನಿಗೆ ಬರೇ ಹೊಟ್ಟಿಲೆ ಹೋಗಬ್ಯಾಡ್ರಿ. ಹನ್ನೊಂದು ವರ್ಷ ಬರೇ ನೀರು ಕುಡದು ಹೋಗೀರಿ ಈ ಊರಾಗ."

ರಾಯರು ತಾಟನ್ನ ನೋಡಿದರು, ಅವಳನ್ನ ನೋಡಿದರು. ಅದು ಯಾರ ತಾಟೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ಪೂರ್ತಿ ಉಂಡರು. ಅತ್ತೆ ತಾಟು ತೊಳೆದು ತಂದು, ಹುಗಿಯಲು ಕೊಡುತ್ತಾಳೆಂದು ನಾನು ಕೈ ಚಾಚಿದರೆ, ಮತ್ತೆ ಗೂಡಿನಲ್ಲೇ ಇಟ್ಟಳು. "ಇರ್ಲಿ. ರಾಯರು ಇನ್ನೊಮ್ಮೆ ಬಂದ್ರ ಬೇಕಾಗ್ತೈತಿ."

ಕಲ್ಲವ್ವನ ಮುಂದೆ ಮಾತು ನಾನೇ ಆಡಬೇಕೆಂದು ರಾಯರು ಹೇಳಿದ್ದರು. ಆಡಿದೆ. ಅವಳು ಮಲಗಿದಲ್ಲಿಂದಲೇ ಕೇಳಿದಳು. ಖುಷಿಪಡಲಿಲ್ಲ.

"ಅವತ್ತ ಸತ್ತಾಳ ಅಂದ್ರಿ. ಇವತ್ತ ಅದಾಳ ಅಂತೀರಿ. ನಾ ಯಾವುದು ನಂಬ್ಲಿ?"

"ನನ್ನ ನಂಬಬ್ಯಾಡವಾ," ಎಂದರು ರಾಯರು. "ಸ್ವಲ್ಪ ತಡಿ."

ಅವರು ಕೋಟು ಬಿಚ್ಚಿಟ್ಟು ಅವಳ ಹೊಲಕ್ಕೆ ಇಳಿದರು. ದನ ಎಲ್ಲ ಮೇಯ್ದಿದ್ದವು, ನೆಲ ಗೊರಸಿನಿಂದ ಕಲಸಿಹೋಗಿತ್ತು. ಅವರು ಮೊಣಕಾಲೂರಿ ಸಾಲು ಸಾಲು ಕೆದರಿದರು. ನಾನು ಇನ್ನೊಂದು ತುದಿಯಿಂದ ಕೆದರಿದೆ. ಬದುವಿನ ಬುಡದಲ್ಲಿ ದನದ ಬಾಯಿಗೆ ಸಿಗದೆ ಉಳಿದ ಮುಷ್ಟಿಗಾತ್ರದ ಒಂದು ಗೆಡ್ಡೆ ರಾಯರಿಗೇ ಸಿಕ್ಕಿತು. ತೊಳೆದು ಕಲ್ಲವ್ವನ ಕೈಗೆ ಕೊಟ್ಟರು. ಅತ್ತೆ ಅವಳನ್ನು ಎಬ್ಬಿಸಿ ಕೂರಿಸಿ ಬೆನ್ನಿಗೆ ಕೈ ಕೊಟ್ಟಳು. ಕಲ್ಲವ್ವ ಕಡಿದಳು. ನಾವು ಮೂವರೂ ಅವಳ ಮುಖ ನೋಡುತ್ತ ನಿಂತೆವು. ಅವಳು ಅಗಿದಳು, ನಿಲ್ಲಿಸಿದಳು, ಮತ್ತೆ ಅಗಿದಳು. ಕಣ್ಣಿಂದ ನೀರು ಇಳಿದು ಬಾಯಿಗೆ ಸೇರಿತು. ಇಡೀ ಗೆಡ್ಡೆ ತಿಂದಳು, ಸಿಪ್ಪೆಯನ್ನೂ ಬಿಡಲಿಲ್ಲ. ಎಂಟು ದಿನದ ಮೇಲೆ ಅವಳ ಹೊಟ್ಟೆಗೆ ಹೋದ ಮೊದಲ ಅನ್ನ ಅದೇ. ತಿಂದು ಮುಗಿಸಿ ನನ್ನ ಕಡೆ ಒಮ್ಮೆ ನೋಡಿ, ಗೋಡೆಯ ಕಡೆ ತಿರುಗಿ ಕೂತಳು.

ಸುದ್ದಿ ಕಳಿಸಿದ ಐದನೆಯ ದಿನಕ್ಕೆ ಗೌರಾ ತಾನೇ ಬಂದಳು, ಹುಗಿದ ತಾಟು ಹೊರಗೆ ಬಂತು. ನನ್ನ ಗಂಡನ ಹಡಗು ಮುಳುಗಿದ ಪತ್ರ ಬಂದದ್ದು ಯುಗಾದಿ ಆದ ಮೇಲೆ. ರಾಯರು ಅದೇ ವಾರ ಊರನ್ನು ಕರೆದು, ಮೊದಲ ಗೆಡ್ಡೆ ಇನ್ನು ಮುಂದೆ ಮನೆಯವರೇ ಕಡಿಯಬೇಕು, ಆಮೇಲೆ ಮೂರು ಗೆಡ್ಡೆ ತನಗೆ ಕಳಿಸಬೇಕು ಎಂದು ಹೇಳಿದರು. ಯಾಕೆಂದು ಕೇಳಿದವರಿಗೆ ನಾನೇ ಎದ್ದು ನಿಂತು ನಾನು ಮಾಡಿದ್ದನ್ನು ಹೇಳಿದೆ. ಕಲ್ಲವ್ವ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಅವಳ ಹೊಲ, ನನ್ನ ಹೊಲ ಒಂದೇ ಬದುವಿಗೆ ಹತ್ತಿಕೊಂಡಿವೆ. ನಾನು ಎದುರಾದರೆ ಸೆರಗು ಸರಿಮಾಡಿಕೊಂಡು ಆಚೆ ನೋಡುವಳು. ಅದು ಅವಳ ಹಕ್ಕು, ನಾನು ತಕರಾರು ಮಾಡಲಿಲ್ಲ.

ರಾಯರು ಪ್ರತಿ ಸೋಮವಾರ ನಮ್ಮ ಮನೆಗೆ ಊಟಕ್ಕೆ ಬಂದರು. ಅದೇ ತಾಟು. ಅತ್ತೆ ಮೂರು ವರ್ಷ ಬಡಿಸಿದಳು. ಕೊನೆಗೆ ಅವಳ ಬಾಯಿಗೆ ನೀರು ಬಿಟ್ಟವರಲ್ಲಿ ರಾಯರೂ ಒಬ್ಬರು. ಆ ವರ್ಷ ಹೊಲ ಸಪ್ಪೆ ಬಂದಾಗ ಅವರು ಕೊಡೆ ಹಿಡಿದು ಬರಲಿಲ್ಲ, ನನ್ನ ಜೊತೆ ಬದುವಿನ ಮೇಲೆ ಕೂತರು. ಆಮೇಲೆ ನಾನು ಬಡಿಸಿದೆ. ದೀಪ ನೋಡಿ ನೋಡಿ ಅವರ ಕಣ್ಣು ಮಸುಕಾದವು. ಕೊಳವೆಯ ಅಂಕಿ ನಾನೇ ಓದಿ ಹೇಳುವಂತಾಯಿತು. ಫ್ಯಾಕ್ಟರಿಯವರು ಹೊಸಬನನ್ನು ತಂದರು. ರಾಯರು ಕಣ್ಣಿನ ಆಸ್ಪತ್ರೆಗೆಂದು ದೊಡ್ಡ ಊರಿಗೆ ಹೋದರು. ಹೋಗುವ ದಿನವೂ ನಮ್ಮಲ್ಲೇ ಉಂಡರು. ಒಂದೆರಡು ಪತ್ರ ಬಂದವು, ಬೇರೆ ಯಾರೋ ಬರೆದುಕೊಟ್ಟ ಅಕ್ಷರ. ಆಮೇಲೆ ಬರಲಿಲ್ಲ.

ಹೋದ ಸುಗ್ಗಿಯ ಮಾತು. ಈಗ ಮನೆಯ ಹಿರಿ ಹೆಂಗಸು ನಾನು. ಮಗಳು ಚಂದ್ರವ್ವ ಮನೆಯಲ್ಲೇ ಇದ್ದಾಳೆ, ಅಳಿಯ ಮನೆಗೇ ಬಂದವನು, ಒಂದು ಕೂಸು. ಮೂವರೂ ನನ್ನೆದುರು ಹೊಲದಲ್ಲಿ ನಿಂತಿದ್ದರು. ಬದುವಿನಾಚೆ ಕಲ್ಲವ್ವ ಮರ್ಯಾದೆಗೆ ಬೆನ್ನು ತಿರುಗಿಸಿ ನಿಂತಿದ್ದಳು. ನಾನು ಗೆಡ್ಡೆ ಕಿತ್ತು, ಒರೆಸಿ, ಯಾವ ಹೆದರಿಕೆಯೂ ಇಲ್ಲದೆ ಕಡಿದೆ. ಸಪ್ಪೆ. ನುಂಗಿದೆ. ಮಗಳನ್ನ ನೋಡಿದೆ, ಅಳಿಯನನ್ನ ನೋಡಿದೆ, ಅವನ ಹೆಗಲ ಮೇಲಿನ ಕೂಸನ್ನ ನೋಡಿದೆ. ಮತ್ತೆ ಕಡಿದೆ. ಮಣ್ಣಿನ ವಾಸನೆ, ನೀರು.

ಗೆಡ್ಡೆ ಮುರಿಯುವ ಸದ್ದು ಬರಲಿಲ್ಲವೆಂದು ಕಲ್ಲವ್ವ ಬೆನ್ನು ತಿರುಗಿಸಿದ್ದವಳು ಈ ಕಡೆ ತಿರುಗಿದಳು. ಬದು ದಾಟಿ ಬಂದಳು. ಹದಿನಾಲ್ಕು ವರ್ಷದ ಮೇಲೆ ನನ್ನೊಂದಿಗೆ ಬಾಯಿ ಬಿಟ್ಟಳು.

"ಯಾರು, ಬಾಳವ್ವ?"

"ಎಲ್ಲಾರೂ ಇಲ್ಲೇ ಅದಾರಲ್ಲ, ಕಲ್ಲವ್ವ. ನಮ್ಮವರು ಎಲ್ಲಾರೂ ಇಲ್ಲೇ ಅದಾರ."

ಅವಳು ನನ್ನ ಕೈಯಿಂದ ಗೆಡ್ಡೆ ತೆಗೆದುಕೊಂಡು ಕಡಿದ ಜಾಗ ನೋಡಿದಳು.

"ನಿಮ್ಮ ಗೂಡಿನ್ಯಾಗ ಒಂದು ಕಂಚಿನ ತಾಟು ಇತ್ತಲ್ಲ," ಎಂದಳು. "ಅದರಾಗ ಯಾರು ಉಣ್ತಿದ್ರು?"

ನಾನು ಅಲ್ಲೇ ಬದುವಿನ ಮೇಲೆ ಕೂತೆ. ನಾ ಸತ್ತರೆ ಒಂದು ಗೆಡ್ಡೆಗೂ ಗೊತ್ತಾಗುವುದಿಲ್ಲ ಎಂದಿದ್ದರು ರಾಯರು. ಒಂದೂವರೆ ಎಕರೆ ಹೊಲಕ್ಕೆ ಗೊತ್ತಾಗಿತ್ತು. ಗಂಡ ಹೋದಾಗ ಎಂಟು ದಿನ ತಡೆದು ಅತ್ತವಳು ನಾನು. ಅವತ್ತು ತಡೆಯಲಿಲ್ಲ, ಮಗಳು ಅಳಿಯನ ಮುಂದೆಯೇ ಬಾಯಿಬಿಟ್ಟು ಅತ್ತುಬಿಟ್ಟೆ. ಕಲ್ಲವ್ವ ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮಗಳು ಮನೆಗೆ ಹೋಗಿ ತಾಟು ತಂದಳು. ಹೊಲದ ಮೂಲೆಯಲ್ಲಿ ಕಲ್ಲವ್ವನೇ ಗುದ್ದಲಿ ಹಿಡಿದು ಅಗೆದಳು. ಇಬ್ಬರ ತಾಟು ಅದು, ಸ್ವಲ್ಪ ಆಳಕ್ಕೇ ಹೋಗಲಿ ಎಂದಳು. ನಾನು ಬೋರಲು ಹಾಕಿ ಮಣ್ಣು ಎಳೆದೆ. ನಿಯಮದಂತೆ ಮೂರು ಗೆಡ್ಡೆ ಫ್ಯಾಕ್ಟರಿಗೆ ಹೋದವು. ಮಧ್ಯಾಹ್ನ ಹೊಸ ಕೆಮಿಸ್ಟಿನ ಆಳು ಚೀಟಿ ಹಿಡಿದು ಬಂದ. ಎರಡೂವರೆ ಬಂದಿದೆ, ನಿಮ್ಮ ಮನೆಯಲ್ಲಿ ಯಾರು ಹೋದರೆಂದು ಸಾಹೇಬರು ಕೇಳುತ್ತಿದ್ದಾರೆ ಎಂದ. ಸಾಹೇಬರು ಈಗ ಕೂತ ಕುರ್ಚಿಯಲ್ಲಿ ಮೊದಲು ಕೂತಿದ್ದವರು ಎಂದು ಹೇಳಿ ಕಳಿಸಿದೆ.